ಸೊಪ್ಪು, ಅಣಬೆ ತರಲು ಬಿದಿರು ಬುಟ್ಟಿ: ಮನೆಯಲ್ಲೇ ಹೆಣೆಯುವುದು ಹೇಗೆ?

ಮುಂಗಾರು ಹತ್ತಿರ ಬಂತೆಂದರೆ ಓದುಗರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ: "ಹುತ್ತದ ಅಣಬೆ ತರೋಕೆ, ಬೆರಕೆ ಸೊಪ್ಪು ಕೊಯ್ಯೋಕೆ ಒಂದು ಬುಟ್ಟಿ ಬೇಕು. ನಾವೇ ಹೆಣೆಯೋಕಾಗುತ್ತಾ?" ಖಂಡಿತ ಆಗುತ್ತದೆ. ಮೊದಲ ಬುಟ್ಟಿ ಸ್ವಲ್ಪ ಸೊಟ್ಟಗಿರಬಹುದು, ಆದರೆ ಕೆಲಸಕ್ಕೆ ಬರುತ್ತದೆ. ಎರಡು ದಿನ ಬಿಡುವು ಮಾಡಿಕೊಳ್ಳಿ. ಅದರಲ್ಲಿ ಒಂದೂವರೆ ದಿನ ಬಿದಿರು ಸೀಳಿ ಹೆರೆಯುವುದಕ್ಕೇ ಹೋಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಹೆಣಿಗೆ ಕಷ್ಟ ಎಂದು ಬುಟ್ಟಿಯನ್ನು ಅರ್ಧಕ್ಕೇ ಬಿಟ್ಟವರಲ್ಲಿ ಬಹುಪಾಲು ಮಂದಿಗೆ ಕೈಕೊಟ್ಟಿದ್ದು ಹೆಣಿಗೆ ಅಲ್ಲ, ದಪ್ಪ ಉಳಿದ ಸೀಳು. ಎಳೆ ಹದವಾಗಿದ್ದರೆ ಕೈ ತಾನಾಗಿ ಓಡುತ್ತದೆ.

ಪ್ಲಾಸ್ಟಿಕ್ ಕವರ್ ಯಾಕೆ ಬೇಡ ಎನ್ನುವುದು ಅಣಬೆ ತಂದವರಿಗೆಲ್ಲ ಗೊತ್ತು. ಕವರಿನೊಳಗೆ ಅಣಬೆ ಬೆವರುತ್ತದೆ. ಮನೆ ಮುಟ್ಟುವ ಹೊತ್ತಿಗೆ ಕೊಡೆ ಮುರಿದು ಲೋಳೆಯಾಗಿರುತ್ತದೆ. ಅಣ್ಣೆ ಸೊಪ್ಪು, ಹೊನಗೊನ್ನೆ, ಎಳೆ ಚಗಟೆ ಇವೂ ಹಾಗೆಯೇ, ಒಂದರ ಮೇಲೊಂದು ಒತ್ತಿ ಬಿಸಿಯಾದರೆ ಬಾಡುತ್ತವೆ. ಇಂಥ ಕೊಯ್ಲಿಗೆ ಬುಟ್ಟಿಯ ಬಾಯಿ ಅಗಲವಾಗಿರಬೇಕು, ಆಳ ಕಡಿಮೆ ಇರಬೇಕು, ತಳದಲ್ಲಿ ಸಂದು ಇರಬೇಕು. ಸಂದಿನಿಂದ ಗಾಳಿಯಾಡುತ್ತದೆ, ಅಣಬೆಯ ಬುಡದ ಮಣ್ಣು ದಾರಿಯಲ್ಲೇ ಉದುರುತ್ತದೆ. ಪೇಟೆಯಲ್ಲಿ ಸಿಗುವ ಅನ್ನ ಬಸಿಯುವ ಬುಟ್ಟಿ, ಕಾಳು ತುಂಬುವ ಬುಟ್ಟಿ ಚೆನ್ನಾಗಿಯೇ ಇರುತ್ತವೆ. ಆದರೆ ಅವುಗಳ ಹೆಣಿಗೆ ಬಿಗಿ, ಹಿಡಿಯೂ ಇರುವುದಿಲ್ಲ.

ಇಲ್ಲಿ ಹೇಳುವ ಬುಟ್ಟಿಯ ಅಳತೆ ಹೀಗಿದೆ: ತಳ 15 ಸೆಂ.ಮೀ. ಚೌಕ, ಎತ್ತರ 18 ಸೆಂ.ಮೀ., ಬಾಯಿ ದುಂಡಗೆ 26 ಸೆಂ.ಮೀ. ಅಗಲ. ಆರೇಳು ಲೀಟರ್ ಹಿಡಿಯುತ್ತದೆ. ಒಂದು ಮನೆಯ ಸಾರಿಗೆ ಬೇಕಾದಷ್ಟು ಸೊಪ್ಪು ಅದರಲ್ಲಿ ಆರಾಮಾಗಿ ಬರುತ್ತದೆ.

ಕೆಲವು ಪದ ಮೊದಲೇ ತಿಳಿದಿರಲಿ

ಗಳ ಎಂದರೆ ಕಡಿದ ಇಡೀ ಬಿದಿರು. ಗಿಣ್ಣು ಎಂದರೆ ಬಿದಿರಿನ ಗಂಟು. ದಬ್ಬೆ ಎಂದರೆ ಉದ್ದಕ್ಕೆ ಸೀಳಿದ ಪಟ್ಟಿ. ಹೊರಗಿನ ನುಣುಪಾದ ಹಸಿರು ಭಾಗವನ್ನು ಹೊರಸಿಪ್ಪೆ ಎಂದೂ ಒಳಗಿನ ಬಿಳಿ ಮೆದು ಭಾಗವನ್ನು ತಿರುಳು ಎಂದೂ ಕರೆಯುತ್ತೇನೆ. ಬುಟ್ಟಿಯಲ್ಲಿ ತಳದಿಂದ ಮೇಲಕ್ಕೆ ಏಳುವ ಪಟ್ಟಿಗಳಿಗೆ 'ನಿಲುವು', ಅವುಗಳ ಸುತ್ತ ಒಳಗೆ ಹೊರಗೆ ಹೋಗುವ ಸಪೂರ ಪಟ್ಟಿಗಳಿಗೆ 'ಎಳೆ' ಎಂದು ಬರೆದಿದ್ದೇನೆ. ನಿಮ್ಮೂರಿನ ಮೇದಾರರ ಬಾಯಲ್ಲಿ ಇವಕ್ಕೆ ಬೇರೆ ಹೆಸರಿರಬಹುದು. ಅದನ್ನೇ ಕೇಳಿ ಕಲಿತರೆ ಇನ್ನೂ ಒಳ್ಳೆಯದು.

ಬೇಕಾದ ಸಾಮಾನು

ಸುಮಾರು ಎರಡು ಇಂಚು ದಪ್ಪದ, ಐದು ಮೀಟರ್ ಉದ್ದದ ಒಂದು ಹಸಿ ಬಿದಿರು ಗಳ. ಸಣ್ಣ ಗರಗಸ. ಮಚ್ಚು ಅಥವಾ ನೇರ ಬಾಯಿಯ ಕತ್ತಿ. ಒಂದು ಹರಿತವಾದ ಚಾಕು. ಟೇಪು, ಪೆನ್ಸಿಲ್. ಬಟ್ಟೆ ಒಣಗಿಸುವ ಕ್ಲಿಪ್ ಹತ್ತು ಹನ್ನೆರಡು. ಒಂದು ದಬ್ಬಣ. ನೀರಿನ ಬಕೆಟ್ಟು, ಹಳೆಯ ಟವೆಲ್. 15 ಸೆಂ.ಮೀ. ಅಗಲದ ಒಂದು ಹಲಗೆ ತುಂಡು. ದಪ್ಪ ಬಟ್ಟೆಯ ಅಥವಾ ಚರ್ಮದ ಕೈಗವಸು.

ಕೈಗವಸು ಬೇಡ ಅನ್ನಿಸಬಹುದು. ದಯವಿಟ್ಟು ಹಾಕಿಕೊಳ್ಳಿ. ಹಸಿ ಬಿದಿರನ್ನು ಸೀಳಿದಾಗ ಹೊರಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಅದನ್ನು ಬೆರಳ ನಡುವೆ ಹಿಡಿದು ಎಳೆದರೆ ಗಾಯ ಆಳಕ್ಕೆ ಇಳಿಯುತ್ತದೆ. ಸಿಬಿರು ಚುಚ್ಚಿದರೆ ಅಂದೇ ತೆಗೆಯಿರಿ, ಒಳಗೆ ಮುರಿದು ಉಳಿದರೆ ಕೀವಾಗುತ್ತದೆ.

ಹಂತ 1: ಸರಿಯಾದ ಬಿದಿರು ಹುಡುಕುವುದು

ಮನೆ ಕಟ್ಟಲು ಮೂರು ನಾಲ್ಕು ವರ್ಷ ಬಲಿತ ಬಿದಿರು ಬೇಕು. ಬುಟ್ಟಿಗೆ ಅದು ಆಗದು, ಬಗ್ಗಿಸಿದರೆ ಟಪ್ಪನೆ ಮುರಿಯುತ್ತದೆ. ನಮಗೆ ಬೇಕಾದ್ದು ಒಂದರಿಂದ ಎರಡು ವರ್ಷದ್ದು. ಗುರುತಿಸುವುದು ಸುಲಭ. ಎಳೆಯದು ಕಡು ಹಸಿರಾಗಿರುತ್ತದೆ, ಗಿಣ್ಣಿನ ಹತ್ತಿರ ಬಿಳಿ ಪುಡಿಯಂಥದ್ದು ಉಳಿದಿರುತ್ತದೆ, ಬುಡದಲ್ಲಿ ಒಣಗಿದ ಪೊರೆ ಅಂಟಿಕೊಂಡಿರಬಹುದು. ಹಳೆಯದು ಹಳದಿಗೆ ತಿರುಗಿ ಮೈಮೇಲೆ ಬೂದು ಚುಕ್ಕೆ ಬಂದಿರುತ್ತದೆ. ಈ ಮಳೆಗಾಲದಲ್ಲಿ ಎದ್ದ ಕಳಲೆ ಈಗಷ್ಟೇ ಗಳವಾಗಿದ್ದರೆ ಅದನ್ನೂ ಬಿಡಿ. ಅದರಲ್ಲಿ ನೀರಿನಂಶ ಜಾಸ್ತಿ. ಒಣಗಿದಾಗ ಎಳೆ ಸೊರಗಿ ಬುಟ್ಟಿ ಸಡಿಲವಾಗುತ್ತದೆ, ಹುಳವೂ ಬೇಗ ಹಿಡಿಯುತ್ತದೆ. ಹೂ ಬಿಟ್ಟ ಮೆಳೆಯ ಬಿದಿರೂ ಬೇಡ. ಹೂ ಬಿಟ್ಟ ಮೇಲೆ ಮೆಳೆ ಸಾಯುತ್ತದೆ, ಒಣಗಿದ ಗಳ ಪುಡಿಪುಡಿಯಾಗಿ ಒಡೆಯುತ್ತದೆ.

ಯಾವ ಜಾತಿ? ಕಿರುಬಿದಿರು ಒಳ್ಳೆಯದು. ಶಿವಮೊಗ್ಗ, ಉತ್ತರ ಕನ್ನಡದ ಕಡೆ ತೋಟದ ಬೇಲಿಗೆ ಹಾಕುವ ಮುಳ್ಳಿಲ್ಲದ ಶೀಮೆ ಬಿದಿರು (ಮರಿಹಾಳ ಬಿದಿರು ಅಂತಲೂ ಕರೆಯುತ್ತಾರೆ) ಕೈಗೆ ಸುಲಭ. ಅದರಲ್ಲಿ ಟೊಳ್ಳು ಕಡಿಮೆ, ಹಾಗಾಗಿ ತಿರುಳು ಹೆರೆಯುವ ಕೆಲಸ ಸ್ವಲ್ಪ ಹೆಚ್ಚು. ಹೆಬ್ಬಿದಿರು ಸಿಕ್ಕಿದರೆ ದಪ್ಪ ಜಾಸ್ತಿ ಇರುವುದರಿಂದ ಇನ್ನೊಮ್ಮೆ ಸೀಳಬೇಕಾಗುತ್ತದೆ, ಅಷ್ಟೆ. ಯಾವುದೇ ಇರಲಿ, ಗಿಣ್ಣಿನಿಂದ ಗಿಣ್ಣಿಗೆ ದೂರ ಇರುವ ನೇರವಾದ ಗಳ ಆರಿಸಿ.

ಕಡಿಯುವ ಕಾಲ ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರುವರಿವರೆಗೆ. ಆಗ ಬಿದಿರಿನಲ್ಲಿ ಪಿಷ್ಟ ಕಡಿಮೆ ಇರುತ್ತದೆ. ಕುಟ್ಟೆ ಹುಳ ತಿನ್ನಲು ಬರುವುದೇ ಆ ಪಿಷ್ಟವನ್ನು. ಮಳೆಗಾಲದಲ್ಲಿ ಮೆಳೆಗೆ ಕೈ ಹಾಕಿದರೆ ಏಳುತ್ತಿರುವ ಕಳಲೆಯೂ ಮುರಿಯುತ್ತದೆ. ಅಣಬೆ ಏಳುವುದು ಮಳೆಗಾಲದಲ್ಲಿ, ಬುಟ್ಟಿ ಬೇಕಾಗುವುದೂ ಆಗಲೇ. ಹಾಗಾಗಿ ಬೇಸಿಗೆಯೊಳಗೆ ಹೆಣೆದಿಟ್ಟುಕೊಳ್ಳಬೇಕು.

ಕಡಿಯುವಾಗ ಬುಡದ ಒಂದು ಅಥವಾ ಎರಡನೇ ಗಿಣ್ಣಿನ ಸ್ವಲ್ಪ ಮೇಲೆ ಕಡಿಯಿರಿ. ಗಿಣ್ಣಿಗಿಂತ ಬಹಳ ಮೇಲೆ ಕಡಿದರೆ ಉಳಿದ ಕೊಳವೆಯಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ, ಸೊಳ್ಳೆಯೂ ಆಗುತ್ತದೆ. ಮಲೆನಾಡಿನ ಮೆಳೆಗಳಲ್ಲಿ ಹಸಿರು ಬಣ್ಣದ ಗುಳಿಮಂಡಲ ಹಾವು ಕೊಂಬೆಗೆ ಸುತ್ತಿಕೊಂಡು ಅಲ್ಲಾಡದೆ ಮಲಗಿರುತ್ತದೆ. ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ, ಕಣ್ಣಳತೆಯ ಎತ್ತರದಲ್ಲೂ ನೋಡಿ.

ಕಾನೂನಿನ ವಿಷಯವೂ ತಿಳಿದಿರಲಿ. 2017ರ ತಿದ್ದುಪಡಿಯ ನಂತರ ಕಾಡಿನ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯಿದೆಯಲ್ಲಿ 'ಮರ' ಎಂಬ ಪಟ್ಟಿಯಲ್ಲಿಲ್ಲ. ನಿಮ್ಮ ತೋಟದ, ಪಕ್ಕದವರ ಬೇಲಿಯ ಬಿದಿರು ತರುವುದು ಸುಲಭ. ಕಾಡಿನ ಬಿದಿರಿನ ಮಾತೇ ಬೇರೆ. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದು ಗುರುತಿಸಿ ಕಾಡುವಾಸಿಗಳಿಗೆ ಹಕ್ಕು ಕೊಟ್ಟಿದೆ. ಉಳಿದವರು ಅನುಮತಿ ಇಲ್ಲದೆ ಕಡಿಯುವಂತಿಲ್ಲ.

ಪೇಟೆಯಲ್ಲಿರುವವರಿಗೆ ಇನ್ನೊಂದು ದಾರಿ ಇದೆ. ಬೆಂಗಳೂರು, ಮೈಸೂರು ಎರಡೂ ಕಡೆ ಬಂಬೂ ಬಜಾರ್ ಇದೆ. ಸಣ್ಣ ಊರುಗಳಲ್ಲೂ ಮೇದಾರ ಕೇರಿ ಇರುತ್ತದೆ. ಹನ್ನೆರಡನೇ ಶತಮಾನದ ಶರಣ ಮೇದಾರ ಕೇತಯ್ಯನವರ ಕಾಯಕ ಇದೇ ಆಗಿತ್ತು. ಆ ಕಸುಬು ಇಂದಿಗೂ ನಿಂತಿಲ್ಲ. ಅಲ್ಲಿ ಹಸಿ ಗಳ ಕೇಳಿ ತನ್ನಿ. ಸೀಳಿದ ದಬ್ಬೆಯನ್ನೇ ಕೊಡುತ್ತಾರಾ ಎಂದೂ ಕೇಳಬಹುದು. ಹೋದಾಗ ಒಂದು ಬುಟ್ಟಿ ಕೊಂಡು, ಹತ್ತು ನಿಮಿಷ ಕೂತು ಅವರ ಕೈಯನ್ನು ನೋಡಿ ಬನ್ನಿ. ಕಲಿಸಲು ಸಮಯ ಕೊಟ್ಟರೆ ಅದಕ್ಕೆ ತಕ್ಕ ಹಣ ಕೊಡಿ, ಅದು ಅವರ ದುಡಿಮೆಯ ಹೊತ್ತು.

ಹಂತ 2: ಗಳವನ್ನು ತುಂಡು ಮಾಡುವುದು

ಬುಡದ ಕಡೆಯಿಂದ 1 ಮೀಟರ್ ತುಂಡು. ಇಲ್ಲಿ ಬಿದಿರಿನ ಗೋಡೆ ದಪ್ಪ, ಬಾಯಂಚಿಗೂ ಹಿಡಿಗೂ ಇದು. ಅದರ ಮೇಲಿನ 75 ಸೆಂ.ಮೀ. ನಿಲುವಿಗೆ. ಉಳಿದದ್ದರಲ್ಲಿ 3 ಮೀಟರ್ ಎಳೆಗೆ. ಗರಗಸದಲ್ಲೇ ಕೊಯ್ಯಿರಿ. ಮಚ್ಚಿನಲ್ಲಿ ಕಡಿದರೆ ತುದಿ ಸಿಡಿದು, ಸೀಳುವಾಗ ದಾರಿ ತಪ್ಪುತ್ತದೆ.

ನಿಲುವಿನ ತುಂಡು ಕೊಯ್ಯುವಾಗ ಒಂದು ಎಚ್ಚರ. ತುಂಡಿನ ಮಧ್ಯದಿಂದ ಎರಡೂ ಕಡೆಗೆ ಏಳೂವರೆ ಸೆಂ.ಮೀ. ದೂರದಲ್ಲಿ ಬುಟ್ಟಿ ಮೇಲಕ್ಕೆ ಬಗ್ಗುತ್ತದೆ. ಆ ಜಾಗದಲ್ಲಿ ಗಿಣ್ಣು ಬರಬಾರದು. ಗಿಣ್ಣಿನಲ್ಲಿ ನಾರು ಅಡ್ಡಾದಿಡ್ಡಿ ಇರುವುದರಿಂದ ಬಗ್ಗಿಸಿದರೆ ಅಲ್ಲೇ ಮುರಿಯುತ್ತದೆ. ತುಂಡನ್ನು ಸ್ವಲ್ಪ ಆಚೀಚೆ ಸರಿಸಿ ಅಳೆದರೆ ಗಿಣ್ಣು ತಳದ ನಡುವಿಗೋ ಪಕ್ಕದ ಗೋಡೆಗೋ ಬರುವಂತೆ ಮಾಡಬಹುದು.

ಹಂತ 3: ಸೀಳುವುದು

ಬುಟ್ಟಿ ಒಳ್ಳೆಯದಾಗುವುದೂ ಕೆಡುವುದೂ ಇಲ್ಲೇ. ನಿಧಾನವಾಗಿ ಮಾಡಿ.

ನಿಲುವಿನ ತುಂಡನ್ನು ತುದಿಯ ಕಡೆ ಮೇಲಾಗಿ ನಿಲ್ಲಿಸಿ. ಮಚ್ಚಿನ ಬಾಯಿಯನ್ನು ನಟ್ಟನಡುವೆ ಇಟ್ಟು ಮರದ ಕೊಡತಿಯಿಂದ ತಟ್ಟಿ. ಬಾಯಿ ಬಿಟ್ಟ ಮೇಲೆ ಮಚ್ಚನ್ನು ಕೆಳಕ್ಕೆ ಒತ್ತುತ್ತ ಹೋದರೆ ಗಿಣ್ಣುಗಳು ಒಂದೊಂದಾಗಿ ಪಟಪಟ ಎಂದು ಒಡೆಯುತ್ತವೆ. ಎರಡು ಹೋಳಾಯಿತು. ಒಳಗಿನ ಗಿಣ್ಣಿನ ತಟ್ಟೆಗಳನ್ನು ಕೊಚ್ಚಿ ತೆಗೆಯಿರಿ. ಪ್ರತಿ ಹೋಳನ್ನೂ ಮತ್ತೆ ಎರಡಾಗಿ ಸೀಳಿ: ನಾಲ್ಕು, ಎಂಟು, ಹದಿನಾರು. ಎರಡು ಇಂಚು ದಪ್ಪದ ಗಳದಿಂದ ಹೀಗೆ ಸುಮಾರು 1 ಸೆಂ.ಮೀ. ಅಗಲದ 16 ದಬ್ಬೆ ಬರುತ್ತವೆ. ನಮಗೆ ಬೇಕಾದ್ದೂ 16.

ಯಾವಾಗಲೂ ಸಮನಾಗಿ ಎರಡು ಭಾಗ ಮಾಡುತ್ತ ಹೋಗಬೇಕು. ಅಂಚಿನಿಂದ ಒಂದೊಂದೇ ಸಣ್ಣ ಪಟ್ಟಿ ಕೀಳಲು ಹೋದರೆ ಸೀಳು ತೆಳು ಕಡೆಗೇ ಜಾರಿ ಪಟ್ಟಿ ಅರ್ಧದಲ್ಲೇ ಮುಗಿದುಹೋಗುತ್ತದೆ. ಸಮನಾಗಿ ಸೀಳುವಾಗಲೂ ಕೆಲವೊಮ್ಮೆ ಒಂದು ಕಡೆಗೆ ಎಳೆಯುತ್ತದೆ. ಆಗ ಎರಡೂ ಕೈಯಲ್ಲಿ ಎರಡು ಭಾಗ ಹಿಡಿದು, ದಪ್ಪ ಇರುವ ಭಾಗವನ್ನು ಹೆಚ್ಚು ಬಗ್ಗಿಸಿ, ತೆಳುವನ್ನು ನೇರವಾಗಿ ಇಟ್ಟುಕೊಳ್ಳಿ. ಸೀಳು ನಿಧಾನವಾಗಿ ನಡುವಿಗೆ ವಾಪಸ್ ಬರುತ್ತದೆ. ಹೆಚ್ಚಿನವರು ಗಾಬರಿಯಲ್ಲಿ ತೆಳು ಭಾಗವನ್ನು ಬಗ್ಗಿಸಿ ಇನ್ನಷ್ಟು ಹಾಳುಮಾಡುತ್ತಾರೆ.

3 ಮೀಟರಿನ ತುಂಡನ್ನೂ ಹೀಗೇ ಸೀಳಿ, ಹದಿನಾರು ಆದ ಮೇಲೆ ಇನ್ನೊಮ್ಮೆ ಎರಡು ಮಾಡಿ. 4–5 ಮಿ.ಮೀ. ಅಗಲದ ಎಳೆ ಬರುತ್ತದೆ. ಹದಿನೆಂಟು ಎಳೆ ಸಾಕು. ಕೆಲವು ಮುರಿಯುತ್ತವೆ ಎಂದು ಎಲ್ಲವನ್ನೂ ಸೀಳಿಟ್ಟುಕೊಳ್ಳಿ. ಬುಡದ ತುಂಡನ್ನು ಎಂಟು ಭಾಗಕ್ಕೇ ನಿಲ್ಲಿಸಿ, 2 ಸೆಂ.ಮೀ. ಅಗಲದ ಪಟ್ಟಿ ಸಿಗುತ್ತದೆ. ಅದರಲ್ಲಿ ಒಳ್ಳೆಯ ಮೂರು ಆರಿಸಿ. ಎರಡು ಬಾಯಂಚಿಗೆ, ಒಂದು ಹಿಡಿಗೆ.

ಹಂತ 4: ಹೆರೆಯುವುದು

ಈಗ ತಿರುಳು ತೆಗೆಯಬೇಕು. ಬಿದಿರಿನ ಶಕ್ತಿ ಇರುವುದು ಹೊರಸಿಪ್ಪೆಯ ಹತ್ತಿರದ ನಾರಿನಲ್ಲಿ. ತಿರುಳು ಬಗ್ಗುವುದಿಲ್ಲ, ಒಡೆಯುತ್ತದೆ. ಹುಳ ಮೊದಲು ಹಿಡಿಯುವುದೂ ಅದಕ್ಕೇ.

ದಪ್ಪ ಇರುವ ದಬ್ಬೆಯ ತುದಿಯಲ್ಲಿ ಸಿಪ್ಪೆಗೂ ತಿರುಳಿಗೂ ನಡುವೆ ಚಾಕು ಇಳಿಸಿ ಪದರ ಬಿಡಿಸಿ. ಉಳಿದದ್ದನ್ನು ಹೆರೆಯಿರಿ. ಹೆರೆಯುವ ರೀತಿ ಹೀಗೆ: ತೊಡೆಯ ಮೇಲೆ ದಪ್ಪ ಗೋಣಿ ಅಥವಾ ಚರ್ಮದ ತುಂಡು ಹಾಸಿ. ದಬ್ಬೆಯ ಸಿಪ್ಪೆ ಕೆಳಗಿರಲಿ. ಚಾಕುವಿನ ಬಾಯಿಯನ್ನು ತಿರುಳಿನ ಮೇಲೆ ಹೆಚ್ಚು ಕಡಿಮೆ ನೆಟ್ಟಗೆ ಒತ್ತಿ ಹಿಡಿಯಿರಿ. ಚಾಕು ಅಲ್ಲಾಡಬಾರದು. ಇನ್ನೊಂದು ಕೈಯಿಂದ ದಬ್ಬೆಯನ್ನು ಹಿಂದಕ್ಕೆ ಎಳೆಯಿರಿ. ತಿರುಳು ಸುರುಳಿ ಸುರುಳಿಯಾಗಿ ಮೇಲೇಳುತ್ತದೆ. ಮೊದಲು ಒರಟು ಸದ್ದು ಬರುತ್ತದೆ. ನಯವಾಗುತ್ತ ಬಂದಂತೆ ಸದ್ದು ಸಣ್ಣದಾಗುತ್ತದೆ. ಕೈಗಿಂತ ಮೊದಲು ಕಿವಿಗೇ ಹದ ಗೊತ್ತಾಗುತ್ತದೆ. ಗಿಣ್ಣಿನ ಜಾಗದಲ್ಲಿ ಇನ್ನೆರಡು ಸಲ ಹೆಚ್ಚು ಎಳೆಯಿರಿ, ಅಲ್ಲಿ ಯಾವಾಗಲೂ ದಪ್ಪ ಉಳಿದಿರುತ್ತದೆ. ಕೊನೆಗೆ ಎರಡೂ ಅಂಚಿನ ಹರಿತವನ್ನು ಚಾಕುವಿನಿಂದ ಸವರಿ ತೆಗೆಯಿರಿ.

ದಪ್ಪದ ಲೆಕ್ಕ: ನಿಲುವು 1ರಿಂದ ಒಂದೂವರೆ ಮಿ.ಮೀ., ಎಳೆ ಅರ್ಧದಿಂದ ಮುಕ್ಕಾಲು ಮಿ.ಮೀ., ಬಾಯಂಚು ಮತ್ತು ಹಿಡಿ 3 ಮಿ.ಮೀ. ಅಳೆಯುವ ಸಾಧನ ಬೇಕಿಲ್ಲ. ಒದ್ದೆ ಎಳೆಯನ್ನು ಮೂರು ಬೆರಳಿಗೆ ಸುತ್ತಿ ನೋಡಿ. ಚಟ್ ಎಂದು ಸದ್ದು ಬಂದರೆ ಇನ್ನೂ ದಪ್ಪ ಇದೆ. ಅರ್ಧ ಭಾಗ ತೆಳು, ಅರ್ಧ ದಪ್ಪ ಇರುವ ಎಳೆ ಎಲ್ಲಕ್ಕಿಂತ ತೊಂದರೆಯದು. ಹೆಣೆಯುವಾಗ ದಪ್ಪ ಕಡೆ ನಿಲುವನ್ನೇ ತಳ್ಳಿ ಬುಟ್ಟಿಯ ಆಕಾರ ಕೆಡಿಸುತ್ತದೆ. ಅಂಥದ್ದನ್ನು ಮತ್ತೆ ಹೆರೆಯಿರಿ, ಇಲ್ಲದಿದ್ದರೆ ಪಕ್ಕಕ್ಕಿಡಿ.

ನಿಲುವಿನ ಎರಡೂ ತುದಿಯ 10 ಸೆಂ.ಮೀ.ಯನ್ನು ಇನ್ನೂ ತೆಳ್ಳಗೆ, ಎಳೆಯಷ್ಟೇ ತೆಳ್ಳಗೆ ಮಾಡಿ. ಕೊನೆಯಲ್ಲಿ ಅದನ್ನು ಮಡಚಬೇಕಾಗುತ್ತದೆ. ಈಗ ಮರೆತರೆ ಆಮೇಲೆ ಹೆಣೆದ ಬುಟ್ಟಿಯ ಮೇಲೆ ಕತ್ತಿ ಆಡಿಸಲು ಬಹಳ ಕಷ್ಟ.

ಅದೇ ದಿನ ಹೆಣೆಯದಿದ್ದರೆ ಸೀಳುಗಳನ್ನು ಸಡಿಲವಾಗಿ ಕಟ್ಟಿ ನೆರಳಲ್ಲಿ ಒಣಗಿಸಿ. ಒಣಗಿದವನ್ನು ಹೆಣೆಯುವ ಮುಂಚೆ ಮೂರು ನಾಲ್ಕು ಗಂಟೆ ನೀರಲ್ಲಿ ನೆನೆಸಿದರೆ ಮತ್ತೆ ಬಗ್ಗುತ್ತವೆ. ಹಸಿಯದನ್ನು ಪ್ಲಾಸ್ಟಿಕ್ ಸುತ್ತಿ ಇಡಬೇಡಿ, ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಹಂತ 5: ತಳ

ಹದಿನಾರು ನಿಲುವುಗಳ ಮಧ್ಯಕ್ಕೆ ಪೆನ್ಸಿಲ್ ಗುರುತು ಹಾಕಿ. ಎಂಟನ್ನು ಸಿಪ್ಪೆ ಕೆಳಗಾಗಿ, ಒಂದಕ್ಕೊಂದು 1 ಸೆಂ.ಮೀ. ಸಂದು ಬಿಟ್ಟು ನೆಲದ ಮೇಲೆ ಸಾಲಾಗಿ ಇಡಿ. ಉಳಿದ ಎಂಟನ್ನು ಅಡ್ಡಡ್ಡ ಹೆಣೆಯಿರಿ. ಮೊದಲನೆಯದು ಒಂದರ ಮೇಲೆ ಒಂದರ ಕೆಳಗೆ ಹೋದರೆ, ಎರಡನೆಯದು ಅದಕ್ಕೆ ಉಲ್ಟಾ. ಚಾಪೆ ಹೆಣಿಗೆಯೇ ಇದು. ಇಲ್ಲೂ ಸಿಪ್ಪೆ ಕೆಳಗೇ ಇರಲಿ, ಅದು ಬುಟ್ಟಿಯ ಹೊರಮೈ ಆಗುತ್ತದೆ. ಸಿಪ್ಪೆ ಒಳಗೆ ಬಂದರೆ ಬಗ್ಗಿಸಿದಾಗ ಹೊರಗಿನ ತಿರುಳು ಬಿರಿಯುತ್ತದೆ.

ಪೆನ್ಸಿಲ್ ಗುರುತುಗಳು ನಡುವೆ ಒಂದೇ ಗೆರೆಯಲ್ಲಿ ಬಂದಿವೆಯಾ ನೋಡಿ. ಟೇಪು ಹಿಡಿದು ನಾಲ್ಕೂ ಕಡೆ 15 ಸೆಂ.ಮೀ. ಮಾಡಿ. ಮೂಲೆಯಿಂದ ಮೂಲೆಗೂ ಅಳೆಯಿರಿ, ಎರಡೂ ಕರ್ಣ ಸಮ ಇದ್ದರೆ ಚೌಕ ಸರಿ ಇದೆ. ನಾಲ್ಕು ಮೂಲೆಗೆ ಕ್ಲಿಪ್ ಹಾಕಿ.

ಈಗ ಚೌಕದ ಸುತ್ತ ಒಂದು ಬೀಗದ ಸುತ್ತು ಹಾಕಬೇಕು. ಎಲ್ಲಕ್ಕಿಂತ ತೆಳ್ಳಗಿನ ಉದ್ದ ಎಳೆ ಒಂದನ್ನು ತೆಗೆದು, ಸಮ ಅಲ್ಲದ ಜಾಗದಲ್ಲಿ ಮಡಚಿ ಒಂದು ನಿಲುವಿಗೆ ಸಿಕ್ಕಿಸಿ. ಒಂದು ತುದಿ ಮೇಲೆ, ಇನ್ನೊಂದು ಕೆಳಗೆ. ಪ್ರತಿ ನಿಲುವು ದಾಟಿದ ಮೇಲೂ ಎರಡನ್ನೂ ಅದಲು ಬದಲು ಮಾಡಿ ಹೆಣೆಯುತ್ತ ಒಂದು ಸುತ್ತು ಬನ್ನಿ. ನಿಲುವುಗಳು ಆ ಎರಡು ಎಳೆಯ ನಡುವೆ ಸಿಕ್ಕಿ ಅಲ್ಲಾಡದೆ ನಿಲ್ಲುತ್ತವೆ. ಸಮ ಅಲ್ಲದ ಜಾಗದಲ್ಲಿ ಮಡಚಲು ಹೇಳಿದ್ದು ಯಾಕೆಂದರೆ, ಎರಡೂ ತುದಿ ಒಂದೇ ಕಡೆ ಮುಗಿದರೆ ಎರಡು ಜೋಡಣೆ ಒಂದೇ ಜಾಗದಲ್ಲಿ ಬಂದು ಉಬ್ಬುತ್ತದೆ. ಈ ಸುತ್ತನ್ನು ಬಿಟ್ಟು ಮುಂದೆ ಹೋಗಬೇಡಿ. ತಳ ಸಡಿಲವಾಗಿದ್ದರೆ ಗೋಡೆ ಎಬ್ಬಿಸುವಾಗ ಚೌಕ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ.

ಹಂತ 6: ಗೋಡೆ ಎಬ್ಬಿಸುವುದು

ತಳದ ಅಂಚಿಗೆ ಒದ್ದೆ ಟವೆಲ್ ಹತ್ತು ನಿಮಿಷ ಹಾಕಿಡಿ. ಬಿಸಿನೀರಲ್ಲಿ ಅದ್ದಿದ ಟವೆಲ್ ಆದರೆ ಇನ್ನೂ ಒಳ್ಳೆಯದು, ಬಿದಿರು ಬಿಸಿಗೆ ಬೇಗ ಬಗ್ಗುತ್ತದೆ. ಹಲಗೆ ತುಂಡನ್ನು ತಳದ ಮೇಲೆ ಇಟ್ಟು ಮಂಡಿಯಿಂದ ಒತ್ತಿ ಹಿಡಿಯಿರಿ. ಒಂದೊಂದೇ ನಿಲುವನ್ನು ಹಲಗೆಯ ಅಂಚಿಗೆ ಒತ್ತಿ ಮೇಲಕ್ಕೆ ಬಗ್ಗಿಸಿ, ಎಣಿಸುತ್ತ ಹತ್ತರವರೆಗೆ ಹಿಡಿದುಕೊಂಡು ಬಿಡಿ. ಪೂರ್ತಿ ನೆಟ್ಟಗೆ ನಿಲ್ಲದಿದ್ದರೆ ಪರವಾಗಿಲ್ಲ. ಎಲ್ಲ ಆದ ಮೇಲೆ ಮೇಲಿನ ತುದಿಗಳನ್ನು ಒಂದು ದಾರದಿಂದ ಸಡಿಲವಾಗಿ ಸುತ್ತಿ ಕಟ್ಟಿ. ಮೊದಲ ಐದಾರು ಸುತ್ತು ಮುಗಿಯುವವರೆಗೆ ದಾರ ಇರಲಿ.

ಈಗ ನಿಲುವುಗಳು ಮೂವತ್ತೆರಡು. ಇಲ್ಲಿ ಒಂದು ಲೆಕ್ಕ ಇದೆ. ಒಂದೇ ಎಳೆ ಒಳಗೆ ಹೊರಗೆ ಸುತ್ತುತ್ತ ಹೋಗುವಾಗ ನಿಲುವುಗಳ ಸಂಖ್ಯೆ ಸರಿಸಂಖ್ಯೆ ಇದ್ದರೆ, ಎರಡನೇ ಸುತ್ತಿನಲ್ಲೂ ಎಳೆ ಅದೇ ನಿಲುವಿನ ಒಳಗೆ, ಅದೇ ನಿಲುವಿನ ಹೊರಗೆ ಬರುತ್ತದೆ. ಹೆಣಿಗೆಯೇ ಬೀಳುವುದಿಲ್ಲ. ಬೆಸಸಂಖ್ಯೆ ಇದ್ದರೆ ಪ್ರತಿ ಸುತ್ತೂ ತಾನಾಗಿ ಅದಲು ಬದಲಾಗುತ್ತದೆ. ಹಾಗಾಗಿ ಒಂದು ಮೂಲೆಯ ನಿಲುವನ್ನು ತುದಿಯಿಂದ ತಳದವರೆಗೆ ಚಾಕುವಿನಿಂದ ಎರಡಾಗಿ ಸೀಳಿಬಿಡಿ. ಮೂವತ್ತಮೂರು ಆಯಿತು. ಮೂಲೆಯದ್ದನ್ನೇ ಸೀಳಲು ಕಾರಣ, ಅಲ್ಲಿ ಸಂದು ಉಳಿದ ಕಡೆಗಿಂತ ಅಗಲ ಇರುತ್ತದೆ. ಸೀಳಿದ ಎರಡೂ ಭಾಗ ಅದನ್ನು ತುಂಬುತ್ತವೆ.

ಹಂತ 7: ಹೆಣಿಗೆ

ಎಳೆಗಳು ಬಕೆಟ್ಟಿನಲ್ಲಿ ನೆನೆದಿರಲಿ. ಒಂದನ್ನು ತೆಗೆದು, ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದು ನಿಲುವಿನ ಒಳಗಡೆ ಅಡಗಿಸಿ ಶುರುಮಾಡಿ. ಸಿಪ್ಪೆ ಹೊರಗೆ. ಒಂದು ನಿಲುವಿನ ಮುಂದೆ, ಮುಂದಿನದರ ಹಿಂದೆ. ಪ್ರತಿ ಸುತ್ತನ್ನೂ ಬೆರಳಿನಿಂದ ಕೆಳಕ್ಕೆ ಒತ್ತಿ.

ಎಳೆ ಮುಗಿಯುತ್ತ ಬಂದಾಗ ಹೊಸದನ್ನು ಅದರ ಮೇಲೇ ಇಟ್ಟು ನಾಲ್ಕು ನಿಲುವು ದಾಟುವವರೆಗೆ ಎರಡನ್ನೂ ಸೇರಿಸಿ ಹೆಣೆಯಿರಿ. ಹಳೆಯದರ ತುದಿ, ಹೊಸದರ ತುದಿ ಎರಡೂ ನಿಲುವಿನ ಹಿಂದೆ ಅಡಗಬೇಕು. ಜೋಡಣೆಗಳು ಬೇರೆ ಬೇರೆ ಕಡೆ ಬರಲಿ.

ಇಲ್ಲಿ ಆಗುವ ದೊಡ್ಡ ತಪ್ಪು ಎಳೆಯನ್ನು ಬಿಗಿಯಾಗಿ ಎಳೆಯುವುದು. ಬಿಗಿ ಮಾಡಿದರೆ ಬುಟ್ಟಿ ಗಟ್ಟಿ ಎಂದುಕೊಳ್ಳುತ್ತಾರೆ, ಅಲ್ವಾ? ಆಗುವುದು ಬೇರೆ. ಬಾಯಿ ಕಿರಿದಾಗುತ್ತ ಬಂದು, ಕೊನೆಗೆ ಚೆಂಬಿನ ಆಕಾರ ಬರುತ್ತದೆ. ಎಳೆಯನ್ನು ಎಳೆಯಬೇಡಿ, ಕೂರಿಸಿ. ಎಡಗೈಯಿಂದ ನಿಲುವನ್ನು ಸ್ವಲ್ಪ ಹೊರಕ್ಕೆ ತಳ್ಳುತ್ತ ಬಲಗೈಯಿಂದ ಎಳೆ ಇಡಿ. ನಾಲ್ಕೈದು ಸುತ್ತಿಗೊಮ್ಮೆ ಬುಟ್ಟಿಯನ್ನು ನೆಲಕ್ಕಿಟ್ಟು ಮೇಲಿಂದ ನೋಡಿ. ನಿಲುವುಗಳೆಲ್ಲ ಹೆಣಿಗೆಯ ದಿಕ್ಕಿಗೆ ವಾಲಿದ್ದರೆ ಕೈಯಿಂದ ನೆಟ್ಟಗೆ ಮಾಡಿ ಮುಂದುವರಿಸಿ. ಹತ್ತು ಸುತ್ತು ದಾಟಿದ ಮೇಲೆ ಅದನ್ನು ಸರಿಮಾಡಲು ಆಗುವುದಿಲ್ಲ.

ಮೂರನೇ ಸುತ್ತಿನಲ್ಲಿ ತಳವನ್ನು ಹೊರಗಿನಿಂದ ಹೆಬ್ಬೆರಳಲ್ಲಿ ಒಳಕ್ಕೆ ಒತ್ತಿ ಸ್ವಲ್ಪ ಗುಂಡಿ ಮಾಡಿ. ಆಗ ಬುಟ್ಟಿ ಅಂಚಿನ ಮೇಲೆ ಕೂರುತ್ತದೆ, ಅಲ್ಲಾಡುವುದಿಲ್ಲ, ಒದ್ದೆ ನೆಲಕ್ಕೆ ತಳವೂ ತಾಗುವುದಿಲ್ಲ.

ಅಣಬೆಗೇ ಅಂತ ಮಾಡುವವರು ಅರ್ಧ ಎತ್ತರದಲ್ಲಿ ಒಂದು ಸೆಂ.ಮೀ. ಖಾಲಿ ಬಿಟ್ಟು, ಅದರ ಮೇಲೆ ಮತ್ತೊಂದು ಬೀಗದ ಸುತ್ತು ಹಾಕಿ ಮುಂದುವರಿಸಬಹುದು. ಗಾಳಿ ಚೆನ್ನಾಗಿ ಆಡುತ್ತದೆ. ಮೊದಲ ಬುಟ್ಟಿಯಲ್ಲಿ ಇದು ಬೇಡ ಎನ್ನುವುದು ನನ್ನ ಸಲಹೆ. ತಳದ ಸಂದೇ ಸಾಕು.

ಹಂತ 8: ಬಾಯಿ ಮುಗಿಸುವುದು

18 ಸೆಂ.ಮೀ. ಎತ್ತರ ಬಂದ ಮೇಲೆ ಕೊನೆಯ ಎಳೆಯ ತುದಿಯನ್ನು ತೆಳ್ಳಗೆ ಮಾಡಿ ಸಿಕ್ಕಿಸಿ. ಈಗ ಕೊನೆಯ ಸುತ್ತನ್ನು ನೋಡಿ. ಕೆಲವು ನಿಲುವುಗಳು ಎಳೆಯ ಹೊರಗಿವೆ, ಕೆಲವು ಒಳಗಿವೆ. ಒಳಗಿರುವುದನ್ನು ಎಳೆಯ ಮಟ್ಟಕ್ಕೆ ಕತ್ತರಿಸಿ. ಹೊರಗಿರುವುದನ್ನು ಚೆನ್ನಾಗಿ ಒದ್ದೆ ಮಾಡಿ, ಎಳೆಯ ಮೇಲಿಂದ ಒಳಕ್ಕೆ ಮಡಚಿ, ಒಳಗಿನ ಹೆಣಿಗೆಯಲ್ಲಿ ಮೂರು ನಾಲ್ಕು ಸುತ್ತು ಕೆಳಗೆ ತೂರಿಸಿ. ಕೊನೆಯ ಸುತ್ತು ಇನ್ನು ಬಿಚ್ಚುವುದಿಲ್ಲ. ನಾಲ್ಕನೇ ಹಂತದಲ್ಲಿ ತುದಿ ತೆಳ್ಳಗೆ ಮಾಡಲು ಹೇಳಿದ್ದು ಇದಕ್ಕೇ. ತೂರಿಸಲು ಜಾಗ ಇಲ್ಲದಿದ್ದರೆ ದಬ್ಬಣ ಹಾಕಿ ಸಂದು ಬಿಡಿಸಿ.

ಹಂತ 9: ಹಿಡಿ ಮತ್ತು ಬಾಯಂಚು

ಎರಡನ್ನೂ ಒಟ್ಟಿಗೇ ಕೂರಿಸಬೇಕು. ಹಿಡಿಯ ಪಟ್ಟಿಯನ್ನು ಒದ್ದೆ ಮಾಡಿ ಒಲೆಯ ಸಣ್ಣ ಉರಿಯ ಮೇಲೆ ಆಚೀಚೆ ಆಡಿಸುತ್ತ ನಿಧಾನವಾಗಿ ಬಗ್ಗಿಸಿ. ಒಂದೇ ಕಡೆ ಹಿಡಿದರೆ ಕರಕಲಾಗುತ್ತದೆ. ಬಾಗಿದ ಮೇಲೆ ತುದಿಗಳನ್ನು ದಾರದಿಂದ ಕಟ್ಟಿ ಪೂರ್ತಿ ಆರಲು ಬಿಡಿ. ಆರಿದರೆ ಆಕಾರ ನಿಲ್ಲುತ್ತದೆ.

ಎರಡೂ ತುದಿಯನ್ನು ಸಪೂರ ಮಾಡಿ, ಎದುರುಬದುರು ಎರಡು ನಿಲುವುಗಳ ಪಕ್ಕದಲ್ಲಿ ಹೆಣಿಗೆಯೊಳಗೆ ತಳದವರೆಗೂ ಇಳಿಸಿ. ಬಾಯಿಯ ಮಟ್ಟದಲ್ಲಿ ಹಿಡಿಯ ಎರಡೂ ಅಂಚಿಗೆ ಸಣ್ಣ ಕಚ್ಚು ಹಾಕಿ. ಕಟ್ಟು ಆ ಕಚ್ಚಿನಲ್ಲಿ ಕೂತರೆ ಭಾರ ಎತ್ತಿದಾಗ ಹಿಡಿ ಕಿತ್ತು ಬರುವುದಿಲ್ಲ.

ಬಾಯಂಚಿನ ಎರಡು ಪಟ್ಟಿಗಳಲ್ಲಿ ಒಂದು ಒಳಗೆ, ಒಂದು ಹೊರಗೆ. ತುದಿಗಳನ್ನು ಓರೆಯಾಗಿ ಹೆರೆದು ಒಂದರ ಮೇಲೊಂದು 10 ಸೆಂ.ಮೀ. ಬರುವಂತೆ ಕೂರಿಸಿ ಕ್ಲಿಪ್ ಹಾಕಿ. ಒಳಗಿನ ಜೋಡಣೆ ಒಂದು ಕಡೆ ಬಂದರೆ ಹೊರಗಿನದು ಎದುರು ಕಡೆ ಬರಲಿ. ಕಟ್ಟಲು ನುಣುಪಾದ ತೆಳು ಎಳೆ, ನೆನೆಸಿದ ಬೆತ್ತದ ಸೀಳು ಅಥವಾ ಸೆಣಬಿನ ಹುರಿ ಆಗುತ್ತದೆ. ಸುಮಾರು 4 ಮೀಟರ್ ಬೇಕು. ದಬ್ಬಣದಿಂದ ಬಾಯಂಚಿನ ಕೆಳಗೆ ಸಂದು ಮಾಡಿ, ಒಂದೊಂದು ನಿಲುವಿಗೂ ಒಂದೊಂದು ಸುತ್ತು ಹಾಕುತ್ತ ಬನ್ನಿ. ಹೆಣಿಗೆಯಲ್ಲಿ ಬಿಗಿ ಬೇಡ ಎಂದಿದ್ದೆ, ಇಲ್ಲಿ ಮಾತ್ರ ಶಕ್ತಿಯೆಲ್ಲ ಹಾಕಿ ಬಿಗಿಯಿರಿ. ಹಿಡಿ ಬಂದ ಕಡೆ ಅಡ್ಡಡ್ಡ ಎರಡು ಸಲ ಸುತ್ತಿ.

ಗುಡ್ಡ ಹತ್ತುವವರಿಗೆ, ಎರಡೂ ಕೈ ಖಾಲಿ ಬೇಕೆನ್ನುವವರಿಗೆ ಹಿಡಿಯ ಬದಲು ಹಳೆಯ ಪಂಚೆಯ ಅಗಲ ಪಟ್ಟಿಯನ್ನು ಬಾಯಂಚಿಗೆ ಕಟ್ಟಿ ಹೆಗಲಿಗೆ ಅಡ್ಡ ಹಾಕಿಕೊಳ್ಳುವುದು ಹೆಚ್ಚು ಅನುಕೂಲ.

ಒಣಗಿಸುವುದು, ಕಾಪಾಡುವುದು

ಮುಗಿದ ಬುಟ್ಟಿಯನ್ನು ಒಂದು ವಾರ ನೆರಳಲ್ಲಿ ಗಾಳಿಗೆ ಇಡಿ. ಬಿಸಿಲಿಗಿಟ್ಟರೆ ಒಂದೇ ಕಡೆ ಒಣಗಿ ಸೊಟ್ಟಗಾಗುತ್ತದೆ. ಒಣಗಿದಾಗ ಎಳೆಗಳ ನಡುವೆ ಸ್ವಲ್ಪ ಸಂದು ಬಿಡುವುದು ಸಹಜ. ಮೇಲೆದ್ದ ಸಿಬಿರುಗಳನ್ನು ಮೇಣದ ಬತ್ತಿಯ ಉರಿಯಲ್ಲಿ ಸರಕ್ಕನೆ ಆಡಿಸಿದರೆ ಸುಟ್ಟು ಹೋಗುತ್ತವೆ.

ಸೌದೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟದಲ್ಲಿ ಕೆಲವು ವಾರ ಇಡಿ. ಹೊಗೆ ಹಿಡಿದ ಬಿದಿರಿಗೆ ಕುಟ್ಟೆ ಸುಲಭಕ್ಕೆ ಹತ್ತುವುದಿಲ್ಲ, ಬಣ್ಣವೂ ಕಂದಾಗಿ ಚೆಂದ ಕಾಣುತ್ತದೆ. ಕಾಳಿನ ಬುಟ್ಟಿಗೆ ಸೆಗಣಿ ಬಳಿಯುವ ಹಾಗೆ ಇದಕ್ಕೆ ಬಳಿಯಬೇಡಿ, ಸಂದು ಮುಚ್ಚಿದರೆ ಇಷ್ಟು ಮಾಡಿದ್ದು ವ್ಯರ್ಥ. ವಾರ್ನಿಷ್ ಕೂಡ ಬೇಡ, ತಿನ್ನುವ ಪದಾರ್ಥ ಹಾಕುವ ಬುಟ್ಟಿ ಇದು.

ನೇರಳೆ, ಕವಳೆ ಹಣ್ಣಿನಂಥ ಸಣ್ಣವನ್ನು ತರುವಾಗ ತಳಕ್ಕೆ ಮುತ್ತುಗದ ಎಲೆ ಅಥವಾ ಬಾಳೆ ಎಲೆ ಹಾಸಿ. ಅಣಬೆಯನ್ನು ಕೊಡೆ ಕೆಳಗಾಗಿ, ಒಂದೇ ಪದರದಲ್ಲಿ ಇಡಿ. ಗುರುತು ಸಿಗದ ಅಣಬೆಯನ್ನು ಈ ಬುಟ್ಟಿಗೆ ಹಾಕಲೇಬೇಡಿ. ತಿನ್ನುವ ಅಣಬೆಯ ಜೊತೆ ಅದರ ಚೂರು ಬೆರೆತರೂ ಅಪಾಯ, ಬೇಯಿಸಿದರೆ ವಿಷ ಹೋಗುತ್ತದೆ ಎನ್ನುವುದನ್ನು ನಂಬಬೇಡಿ. ಗೊತ್ತಿರುವವರಿಗೆ ತೋರಿಸಬೇಕೆಂದರೆ ಬೇರೆ ಎಲೆಯಲ್ಲಿ ಪೊಟ್ಟಣ ಕಟ್ಟಿ ತನ್ನಿ.

ಬಳಸಿದ ಮೇಲೆ ಮಣ್ಣು ಕೊಡವಿ, ಬೇಕಿದ್ದರೆ ತಣ್ಣೀರಲ್ಲಿ ತೊಳೆದು, ಬೋರಲು ಹಾಕದೆ ಗೂಟಕ್ಕೆ ನೇತುಹಾಕಿ. ಮಳೆಗಾಲದಲ್ಲಿ ಬೂಷ್ಟು ಕಂಡರೆ ನಾರಿನ ಬ್ರಷ್ಷಿನಿಂದ ಉಜ್ಜಿ, ಬಿಸಿಲು ಬಂದ ದಿನ ಒಂದು ಗಂಟೆ ಇಟ್ಟು ತೆಗೆಯಿರಿ. ಬುಟ್ಟಿಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ ಹತ್ತಿದೆ ಎಂದರ್ಥ. ಬೇರೆ ಬಿದಿರು ಸಾಮಾನಿನಿಂದ ಕೂಡಲೇ ದೂರ ಇಡಿ. ಕುದಿಯುವ ನೀರಲ್ಲಿ ಪೂರ್ತಿ ಮುಳುಗಿಸಿ ಅರ್ಧ ಗಂಟೆ ಬಿಟ್ಟು, ಮತ್ತೆ ನೆರಳಲ್ಲಿ ಒಣಗಿಸಿ. ಒಂದೆರಡು ಎಳೆ ಮುರಿದರೆ ಇಡೀ ಬುಟ್ಟಿ ಎಸೆಯಬೇಕಿಲ್ಲ. ಮುರಿದ ಜಾಗದ ಎರಡೂ ಕಡೆ ನಾಲ್ಕು ನಿಲುವು ದಾಟುವಷ್ಟು ಉದ್ದದ ಹೊಸ ಎಳೆಯನ್ನು ನೆನೆಸಿ, ಹಳೆಯದರ ಮೇಲೇ ದಬ್ಬಣದಿಂದ ತೂರಿಸಿದರೆ ಆಯಿತು. ಅದಕ್ಕೆಂದೇ ಉಳಿದ ಎಳೆಗಳನ್ನು ಸುರುಳಿ ಸುತ್ತಿ ಬುಟ್ಟಿಯ ಜೊತೆ ಅಟ್ಟದಲ್ಲೇ ಇಟ್ಟಿರಿ.